ಆಂಪ್ಲಿಫೈಯರ್ 'ಟಿಕ್' ಎನ್ನದಿದ್ದರೆ

ಆಂಪ್ಲಿಫೈಯರಿನ ಸ್ವಿಚ್ ಒತ್ತಿದ ಮೇಲೆ ಮೂರ್ನಾಲ್ಕು ಸೆಕೆಂಡು ಏನೂ ಕೇಳಿಸುವುದಿಲ್ಲ. ಆಮೇಲೆ ಒಳಗಿನಿಂದ 'ಟಿಕ್' ಎಂಬ ಸದ್ದು, ಅದರ ಹಿಂದೆಯೇ ಹಾಡು. ಆ ಸದ್ದು ರಿಲೇ ಎಂಬ ಪುಟ್ಟ ವಿದ್ಯುತ್ಕಾಂತೀಯ ಸ್ವಿಚ್ಚಿನದು. ಸ್ಪೀಕರಿಗೆ ವಿದ್ಯುತ್ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವುದು ಪ್ರೊಟೆಕ್ಷನ್ ಸರ್ಕ್ಯೂಟ್; ಆ ನಿರ್ಧಾರವನ್ನು ಜಾರಿಗೆ ತರುವುದು ಈ ರಿಲೇ. ಒಂದು ದಿನ ಆ ಟಿಕ್ ಕೇಳಿಸುವುದೇ ಇಲ್ಲ. ದೀಪ ಉರಿಯುತ್ತಿರುತ್ತದೆ, ಸ್ಪೀಕರ್ ಮಾತ್ರ ಮೌನ. ಹಳೆಯ ಆಂಪ್ಲಿಫೈಯರುಗಳ ರಿಪೇರಿಯಲ್ಲಿ ಇದು ತೀರ ಸಾಮಾನ್ಯವಾದ ದೂರು. ಆಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಪ್ರೊಟೆಕ್ಷನ್ ಸರ್ಕ್ಯೂಟ್ ಕೆಟ್ಟಿದೆಯೋ, ಅಥವಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆಯೋ?

ರಕ್ಷಣೆ ಯಾರಿಂದ, ಯಾರಿಗೆ?

ವಾಲ್ವ್ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೂ ವಾಲ್ವಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಡಿ.ಸಿ. ವಿದ್ಯುತ್ ಅದನ್ನು ದಾಟಲಾರದು. ಮೊದಲ ಕಾಲದ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ದೊಡ್ಡದೊಂದು ಕೆಪಾಸಿಟರ್ ಆ ಕೆಲಸ ಮಾಡುತ್ತಿತ್ತು. ಆಮೇಲೆ ಧನ ಮತ್ತು ಋಣ ಎರಡೂ ವೋಲ್ಟೇಜುಗಳಲ್ಲಿ ನಡೆಯುವ, ಸ್ಪೀಕರನ್ನು ನೇರವಾಗಿ ಟ್ರಾನ್ಸಿಸ್ಟರುಗಳಿಗೆ ಜೋಡಿಸುವ ವಿನ್ಯಾಸ ರೂಢಿಗೆ ಬಂತು. ಇದರಲ್ಲಿ ತಗ್ಗಿನ ಸ್ವರಗಳು ಚೆನ್ನಾಗಿ ಬರುತ್ತವೆ, ಆದರೆ ನಡುವಿನ ತಡೆ ಹೋಯಿತು. +40 ವೋಲ್ಟಿನ ಕಡೆಯ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ 40 ವೋಲ್ಟ್ ಇಡಿಯಾಗಿ ಸ್ಪೀಕರಿನ ಮೇಲೆ ಬೀಳುತ್ತದೆ.

ಆಗ ಏನಾಗುತ್ತದೆಂದು ಲೆಕ್ಕ ಹಾಕೋಣ. 8 ಓಮ್ ಎಂದು ಬರೆದಿರುವ ಸ್ಪೀಕರಿನ ಕಾಯಿಲಿಗೆ ಡಿ.ಸಿ.ಯಲ್ಲಿ ಸುಮಾರು 6 ಓಮ್ ರೋಧವಿರುತ್ತದೆ. 40 ವೋಲ್ಟಿಗೆ ಅದರಲ್ಲಿ ಹರಿಯುವ ಕರೆಂಟು 6.7 ಆಂಪಿಯರ್ ಸುತ್ತಮುತ್ತ. ಹುಟ್ಟುವ ಶಾಖ 260 ವ್ಯಾಟಿಗೂ ಹೆಚ್ಚು. 60 ವ್ಯಾಟಿನ ನಾಲ್ಕು ಹಳೆಯ ಬಲ್ಬುಗಳ ಶಾಖವನ್ನು ಕೂದಲಿನಂಥ ತಂತಿಯ ಒಂದು ಸುರುಳಿಯೊಳಗೆ ತುಂಬಿದ ಹಾಗೆ. ಹಾಡುವಾಗ ಕಾಯಿಲ್ ಹಿಂದೆ ಮುಂದೆ ಓಡಾಡುತ್ತ ಗಾಳಿಯನ್ನು ಕದಡಿ ತಣ್ಣಗಾಗುತ್ತದೆ. ಡಿ.ಸಿ. ಅದನ್ನು ಒಂದೇ ಕಡೆಗೆ ತಳ್ಳಿ ಅಲ್ಲೇ ಹಿಡಿದಿಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ, ಸ್ಪೀಕರ್ ಸಾಯುತ್ತದೆ.

ಹಾಡು ಯಾವುದು, ಡಿ.ಸಿ. ಯಾವುದು ಎಂದು ಸರ್ಕ್ಯೂಟಿಗೆ ಗೊತ್ತಾಗುವುದು ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರಿನಿಂದ. ಹಾಡಿನ ವೋಲ್ಟೇಜು ಸೆಕೆಂಡಿಗೆ ಕನಿಷ್ಠ 20 ಬಾರಿ ಧನ-ಋಣ ಎಂದು ತಿರುಗುತ್ತದೆ. ಹಾಗಾಗಿ ಕೆಪಾಸಿಟರಿನಲ್ಲಿ ತುಂಬಿದ್ದು ತುಂಬಿದಂತೆಯೇ ಖಾಲಿಯಾಗುತ್ತದೆ. ಡಿ.ಸಿ. ಬಂದರೆ ಒಂದೇ ದಿಕ್ಕಿನಲ್ಲಿ ತುಂಬುತ್ತಾ ಹೋಗುತ್ತದೆ; ಮಿತಿ ದಾಟಿದ ಕ್ಷಣ ರಿಲೇ ಬಿಟ್ಟುಕೊಳ್ಳುತ್ತದೆ. ಜಪಾನಿನ ಎನ್‌ಇಸಿ ತಯಾರಿಸಿದ ಯುಪಿಸಿ1237 ಎಂಬ ಎಂಟು ಪಿನ್ನಿನ ಐಸಿ ಈ ಕೆಲಸಕ್ಕೆಂದೇ ಹುಟ್ಟಿದ್ದು. ಡಿ.ಸಿ. ಪತ್ತೆ, ಓವರ್‌ಲೋಡ್ ಪತ್ತೆ, ಸ್ವಿಚ್ ಹಾಕಿದಾಗಿನ ವಿಳಂಬ, ಕರೆಂಟು ಹೋದೊಡನೆ ಸ್ಪೀಕರನ್ನು ಬಿಡಿಸುವುದು, ಈ ನಾಲ್ಕನ್ನೂ ಅದು ನೋಡಿಕೊಳ್ಳುತ್ತದೆ. ಅಸಂಖ್ಯ ಆಂಪ್ಲಿಫೈಯರುಗಳಲ್ಲಿ ಇವತ್ತಿಗೂ ಇದೇ ಇದೆ.

ಮೊದಲು ಅಳೆಯಿರಿ

ರಿಪೇರಿಗೆ ಕೈಹಾಕುವ ಮುಂಚೆ ಸ್ಪೀಕರಿನ ವೈರುಗಳನ್ನು ಬಿಚ್ಚಿಡಬೇಕು. ಪೆಟ್ಟಿಗೆಯೊಳಗೆ 230 ವೋಲ್ಟ್ ಇದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡದೆ ರೆಸಿಸ್ಟರಿನ ಮೂಲಕ ಇಳಿಸಬೇಕು. ಈ ಎಚ್ಚರಿಕೆಗಳು ಅಭ್ಯಾಸವಾಗಿಲ್ಲದವರು ಕವರ್ ಬಿಚ್ಚುವುದು ಬೇಡ. ಮೊದಲ ಸಲ ಕರೆಂಟು ಕೊಡುವಾಗ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ, ಒಳ್ಳೆಯ ಪದ್ಧತಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಬಲ್ಬು ವೋಲ್ಟೇಜನ್ನು ತುಸು ತಿನ್ನುವುದರಿಂದ ಕೆಲವು ಒಳ್ಳೆಯ ಸೆಟ್ಟುಗಳು ಕೂಡ ಆ ಸ್ಥಿತಿಯಲ್ಲಿ ಟಿಕ್ ಎನ್ನದಿರಬಹುದು ಎಂಬುದು ನೆನಪಿರಲಿ.

ಈಗ ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು, ರಿಲೇಗೆ ಆಂಪ್ಲಿಫೈಯರಿನ ಕಡೆಯಿಂದ ಬರುವ ಕಾಲುಗಳಲ್ಲಿ ಅಳೆಯಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. 50 ಮಿಲಿವೋಲ್ಟಿನೊಳಗಿದ್ದರೆ ಆ ಚಾನೆಲ್ ಆರೋಗ್ಯವಾಗಿದೆ. 30-40 ವೋಲ್ಟ್ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಒಂದೆರಡು ವೋಲ್ಟಿದ್ದರೆ ಇನ್‌ಪುಟ್ ಹಂತದ ಟ್ರಾನ್ಸಿಸ್ಟರುಗಳನ್ನೋ ಪ್ರಿಸೆಟ್ಟನ್ನೋ ಅನುಮಾನಿಸಬೇಕು. ಎರಡೂ ಸಂದರ್ಭದಲ್ಲಿ ಪ್ರೊಟೆಕ್ಷನ್ ಸರ್ಕ್ಯೂಟ್ ಸತ್ಯವನ್ನೇ ಹೇಳುತ್ತಿದೆ, ರೋಗ ಬೇರೆ ಕಡೆ ಇದೆ. ಸುಟ್ಟ ಟ್ರಾನ್ಸಿಸ್ಟರ್ ಒಂದನ್ನೇ ಬದಲಿಸಿದರೆ ಸಾಲದು. ಅದರ ಜೋಡಿ, ಡ್ರೈವರ್, ಎಮಿಟರ್ ರೆಸಿಸ್ಟರುಗಳನ್ನೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಹೊಸದೂ ಕ್ಷಣದಲ್ಲಿ ಸುಡುತ್ತದೆ. 2ಎಸ್‌ಸಿ5200, 2ಎಸ್‌ಎ1943ರಂಥ ಜನಪ್ರಿಯ ಟ್ರಾನ್ಸಿಸ್ಟರುಗಳ ನಕಲಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿರುವುದರಿಂದ ನಂಬಿಕಸ್ಥ ಅಂಗಡಿಯಲ್ಲೇ ಕೊಳ್ಳಬೇಕು.

ಕಾವಲಿನದೇ ಕಾಯಿಲೆ

ಎರಡೂ ಚಾನೆಲ್ಲುಗಳಲ್ಲಿ ಡಿ.ಸಿ. ಇಲ್ಲ, ಆದರೂ ಟಿಕ್ ಇಲ್ಲ ಎಂದಾದರೆ ಮಾತ್ರ ಪ್ರೊಟೆಕ್ಷನ್ ಸರ್ಕ್ಯೂಟನ್ನು ಶಂಕಿಸಬೇಕು. ಇಲ್ಲಿ ರಿಲೇಯ ಕಾಯಿಲೇ ದಾರಿ ತೋರಿಸುತ್ತದೆ. ಹೆಚ್ಚಿನವು 24 ವೋಲ್ಟಿನ ರಿಲೇಗಳು. ಕಾಯಿಲಿನ ಎರಡು ಕಾಲುಗಳ ನಡುವೆ 24 ವೋಲ್ಟ್ ಇದ್ದೂ ಅದು ಎಳೆಯದಿದ್ದರೆ ಕಾಯಿಲ್ ತುಂಡಾಗಿದೆ. ಎರಡೂ ಕಾಲುಗಳಲ್ಲಿ ಗ್ರೌಂಡಿಗೆ ಹೋಲಿಸಿದಾಗ 24 ವೋಲ್ಟ್ ಇದ್ದರೆ ಸಪ್ಲೈ ಬಂದಿದೆ, ಐಸಿಯೋ ಡ್ರೈವರ್ ಟ್ರಾನ್ಸಿಸ್ಟರೋ ಅದನ್ನು ಕೆಳಕ್ಕೆಳೆಯುತ್ತಿಲ್ಲ. ಎರಡರಲ್ಲೂ ಏನೂ ಇಲ್ಲದಿದ್ದರೆ ಸಪ್ಲೈಯೇ ಬಂದಿಲ್ಲ. ದೊಡ್ಡ ವೋಲ್ಟೇಜನ್ನು ರಿಲೇಗೆ ತಕ್ಕಂತೆ ಇಳಿಸುವ ರೆಸಿಸ್ಟರ್ ವರ್ಷಗಟ್ಟಲೆ ಕಾದು, ತನ್ನ ಕೆಳಗಿನ ಬೋರ್ಡನ್ನೇ ಕಂದು ಬಣ್ಣಕ್ಕೆ ತಿರುಗಿಸಿರುತ್ತದೆ. ಅದರ ಕಾಲಿನ ಸುತ್ತ ಸೋಲ್ಡರಿನಲ್ಲಿ ಕೂದಲೆಳೆಯಂಥ ಉಂಗುರದಾಕಾರದ ಬಿರುಕು ಭೂತಗನ್ನಡಿಯಲ್ಲಿ ಕಾಣುತ್ತದೆ.

ಐಸಿ ಎಳೆಯುತ್ತಿಲ್ಲವೆಂದರೆ ತಕ್ಷಣ ಐಸಿಯನ್ನು ದೂರಬಾರದು. ಅದರ 7ನೇ ಪಿನ್ನಿನ ಕೆಪಾಸಿಟರ್ ನಿಧಾನವಾಗಿ ತುಂಬಿದಾಗಲೇ ಟಿಕ್ ಬರುವುದು. ಅದು ಸೋರುತ್ತಿದ್ದರೆ ವೋಲ್ಟೇಜು ಅರ್ಧಕ್ಕೇ ನಿಲ್ಲುತ್ತದೆ. 4ನೇ ಪಿನ್ನಿಗೆ ಟ್ರಾನ್ಸ್‌ಫಾರ್ಮರಿನಿಂದ ಬರುವ ಸಂಕೇತದ ದಾರಿಯಲ್ಲಿ ಡಯೋಡೋ ಕೆಪಾಸಿಟರೋ ಕೆಟ್ಟರೆ, ಕರೆಂಟು ಹೋಗಿದೆ ಎಂದೇ ಐಸಿ ತಿಳಿಯುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಶಾಖ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಹೀಟ್‌ಸಿಂಕ್ ಪಕ್ಕದಲ್ಲಿ ದಶಕಗಳ ಕಾಲ ಕೂತವು ಒಣಗುವುದು ಸಹಜ. 105 ಡಿಗ್ರಿಯ ಹೊಸ ಕೆಪಾಸಿಟರುಗಳನ್ನು ಹಾಕಿದರೆ ಎಷ್ಟೋ ಸೆಟ್ಟುಗಳು ಮತ್ತೆ ಹಾಡುತ್ತವೆ.

ಇನ್ನೊಂದು ಲಕ್ಷಣವಿದೆ: ಟಿಕ್ ಬರುತ್ತದೆ, ಆದರೆ ಒಂದು ಕಡೆಯ ಸ್ಪೀಕರ್ ಸಣ್ಣ ದನಿಯಲ್ಲಿ ಕರಕರ ಎನ್ನುತ್ತದೆ ಅಥವಾ ಸುಮ್ಮನಿರುತ್ತದೆ, ವಾಲ್ಯೂಮ್ ಏರಿಸಿದೊಡನೆ ಸರಿಹೋಗುತ್ತದೆ. ಇದು ರಿಲೇಯ ಕಾಂಟ್ಯಾಕ್ಟುಗಳ ರೋಗ. ರಿಲೇಯ ಕವರ್ ಬಿಚ್ಚಿ ನೋಡಿದರೆ ಬೆಳ್ಳಿ ಮಿಶ್ರಲೋಹದ ಪುಟ್ಟ ಬಿಂದುಗಳ ಮೇಲೆ ಕಪ್ಪು ಪೊರೆ, ನಡುವೆ ಸುಟ್ಟ ಗುಳಿ. ಸಣ್ಣ ಸಂಕೇತ ಆ ಪೊರೆಯನ್ನು ದಾಟಲಾರದು, ದೊಡ್ಡದು ಸೀಳಿಕೊಂಡು ಹೋಗುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಕೆಲವು ದಿನ ನಡೆಯುತ್ತದೆ, ಆದರೆ ಮೇಲ್ಮೈ ಒರಟಾಗಿ ಬೇಗ ಮತ್ತೆ ಸುಡುತ್ತದೆ. ಅದೇ ಕಾಯಿಲ್ ವೋಲ್ಟೇಜಿನ, ಅದೇ ಪಿನ್ ಜೋಡಣೆಯ ಹೊಸ ರಿಲೇ ಹಾಕುವುದೇ ಸರಿಯಾದ ರಿಪೇರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ.

ಟಿಕ್ ಬಂದರೆ ಮುಗಿಯಲಿಲ್ಲ

ರಿಲೇ ಅಂಟಿಕೊಳ್ಳುತ್ತದೆ ಎಂಬುದು ಅರ್ಧ ಪರೀಕ್ಷೆ. ಅಪಾಯದಲ್ಲಿ ಬಿಟ್ಟುಕೊಳ್ಳುತ್ತದೆಯೇ ಎಂಬುದು ಮುಖ್ಯವಾದ ಇನ್ನರ್ಧ. ಸ್ಪೀಕರ್ ಇಲ್ಲದೆ, ಡಿ.ಸಿ. ಪತ್ತೆಹಚ್ಚುವ ರೆಸಿಸ್ಟರಿನ ಆಂಪ್ಲಿಫೈಯರ್ ಕಡೆಯ ಕಾಲನ್ನು ಬಿಡಿಸಿ, ಅದಕ್ಕೂ ಗ್ರೌಂಡಿಗೂ ನಡುವೆ 9 ವೋಲ್ಟಿನ ಬ್ಯಾಟರಿ ಹಿಡಿದರೆ ರಿಲೇ ಬೇಗನೆ ತೆರೆಯಬೇಕು. ಬ್ಯಾಟರಿಯನ್ನು ತಿರುಗಿಸಿ ಇನ್ನೊಮ್ಮೆ ಪರೀಕ್ಷಿಸಬೇಕು. ಧನಕ್ಕೆ ಎಚ್ಚರವಾಗಿ ಋಣಕ್ಕೆ ನಿದ್ದೆ ಹೋಗುವ ಸರ್ಕ್ಯೂಟುಗಳೂ ಇರುತ್ತವೆ. ಸ್ವಿಚ್ ಆರಿಸಿದಾಗ ಹಾಡು ನಿಧಾನವಾಗಿ ಕರಗದೆ ಕೂಡಲೇ ಕಡಿಯಬೇಕು.

ಬೇಗ ಮುಗಿಸುವ ಆತುರದಲ್ಲಿ ರಿಲೇಯ ಕಾಂಟ್ಯಾಕ್ಟುಗಳ ಮೇಲೆ ಒಂದು ತುಂಡು ವೈರ್ ಬೆಸೆದು ಆಂಪ್ಲಿಫೈಯರನ್ನು 'ಸರಿ' ಮಾಡಿಕೊಡುವ ಚಾಳಿ ಇದೆ. ಹಾಡೇನೋ ಕೇಳಿಸುತ್ತದೆ. ಆದರೆ ಮುಂದೆ ಎಂದಾದರೂ ಟ್ರಾನ್ಸಿಸ್ಟರ್ ಶಾರ್ಟ್ ಆದ ದಿನ ಅದರ ಬೆಲೆಯನ್ನು ಸ್ಪೀಕರ್ ತೆರುತ್ತದೆ. ಹಳೆಯ ಸ್ಪೀಕರುಗಳ ಕಾಯಿಲ್ ಮತ್ತೆ ಸಿಗುವುದು ಸುಲಭವಲ್ಲ. ಆಂಪ್ಲಿಫೈಯರನ್ನು ರಿಪೇರಿಗೆ ಕೊಡುವಾಗ ಪ್ರೊಟೆಕ್ಷನ್ ಬೈಪಾಸ್ ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿ. ವಾಪಸ್ ಪಡೆಯುವಾಗ ಸ್ವಿಚ್ ಹಾಕಿಸಿ, ಆ ಮೂರ್ನಾಲ್ಕು ಸೆಕೆಂಡಿನ ವಿಳಂಬ ಮತ್ತು ಟಿಕ್ ಎರಡೂ ಇವೆಯೇ ಎಂದು ಕೇಳಿಸಿಕೊಂಡೇ ಹಣ ಕೊಡಿ.