ಬೇಸಿಗೆ ಶಿಬಿರವೇ ವೃತ್ತಿ ಆದರೆ ಉಳಿದ ಹತ್ತು ತಿಂಗಳು ಏನ್ ಮಾಡ್ತೀರಾ?

ಮೊದಲ ಸಲ ಶಿಬಿರದ ಟೀ ಶರ್ಟ್ ತೊಟ್ಟಾಗ ನನಗೆ 20 ವರ್ಷ. ಡಿಗ್ರಿ ಓದ್ತಿದ್ದೆ, ಕೈಖರ್ಚಿಗೆ ದುಡ್ಡು ಬೇಕಿತ್ತು, ಅಷ್ಟೇ. ಇದು ಹನ್ನೊಂದನೇ ಬೇಸಿಗೆ. ಮನೆಗೆ ಬಂದ ನೆಂಟರು "ಮಗ ಏನ್ ಮಾಡ್ತಿದ್ದಾನೆ?" ಅಂದ್ರೆ ಅಮ್ಮ ಇವತ್ತಿಗೂ ತಡವರಿಸ್ತಾರೆ. "ಮಕ್ಕಳಿಗೆ ಏನೋ ಹೇಳಿಕೊಡ್ತಾನೆ" ಅಂದು ಕಾಫಿ ತರೋಕೆ ಒಳಗೆ ಹೋಗಿಬಿಡ್ತಾರೆ.

ಅಮ್ಮನದು ತಪ್ಪೇನಿಲ್ಲ. ಶಾಲೆಗೆ ರಜೆ ಇರೋದು ಏಪ್ರಿಲ್, ಮೇ. ಅಷ್ಟರಲ್ಲೇ ಶಿಬಿರದ ಸೀಸನ್ ಮುಗಿಯುತ್ತೆ. ಹಾಗಿದ್ರೆ ಇದನ್ನೇ ನಂಬಿ ಬದುಕಬಹುದಾ? ಬದುಕಬಹುದು. ಆದರೆ ಬರೀ ಬೇಸಿಗೆಯನ್ನೇ ನಂಬಿ ಅಲ್ಲ.

ವರ್ಷದ ಲೆಕ್ಕ

ಇದು ನನಗೆ ಅರ್ಥವಾಗಿದ್ದು ನಾಲ್ಕನೇ ವರ್ಷ, ಪೆಟ್ಟು ತಿಂದ ಮೇಲೆ. ಎರಡು ತಿಂಗಳು ದುಡಿಸಿಕೊಂಡ ಆಯೋಜಕರೊಬ್ಬರು "ಮುಂದಿನ ವಾರ ಕೊಡ್ತೀನಿ" ಅನ್ನುತ್ತಲೇ ಜುಲೈ ದಾಟಿಸಿದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ರೂಮ್ ಬಾಡಿಗೆಗೆ ತಂಗಿಯ ಹತ್ರ ಸಾಲ ಕೇಳಬೇಕಾಯ್ತು. ಆ ವರ್ಷ ಕಾಲ್ ಸೆಂಟರ್ ಸೇರಿ ಎಂಟು ತಿಂಗಳು ಹೆಡ್‌ಫೋನ್ ಹಾಕ್ಕೊಂಡು ಕೂತೆ.

ವಾಪಸ್ ಬಂದಾಗ ವರ್ಷವನ್ನೇ ಬೇರೆ ಥರ ಹಂಚಿಕೊಂಡೆ. ಜನವರಿಯಿಂದ ಮಾರ್ಚ್‌ವರೆಗೆ ಜಾಗ, ತಂಡ, ನೋಂದಣಿ. ಏಪ್ರಿಲ್-ಮೇ ಶಿಬಿರ. ಜೂನ್‌ನಿಂದ ಶಾಲೆಗಳಲ್ಲಿ ವಾರಕ್ಕೆರಡು ದಿನ ನಾಟಕದ ತರಗತಿ. ದಸರಾ ರಜೆಗೆ ಪುಟ್ಟ ಶಿಬಿರ. ನವೆಂಬರ್-ಡಿಸೆಂಬರ್‌ನಲ್ಲಿ ಶಾಲಾ ವಾರ್ಷಿಕೋತ್ಸವ, ಮಕ್ಕಳ ಚಾರಣ. ಬೇಸಿಗೆಯಲ್ಲಿ ನಿಮ್ಮನ್ನು ನೋಡಿದ ಪೋಷಕರು, ಟೀಚರ್‌ಗಳೇ ಉಳಿದ ತಿಂಗಳ ಕೆಲಸ ತಂದುಕೊಡ್ತಾರೆ.

ಒಂದು ವಿದ್ಯೆ ಗಟ್ಟಿಯಾಗಿರಲಿ

"ಮಕ್ಕಳು ಅಂದ್ರೆ ಇಷ್ಟ" ಅನ್ನೋದು ಮೊದಲ ವರ್ಷಕ್ಕೆ ಸಾಕು. ಐದನೇ ವರ್ಷಕ್ಕೆ ಕೈಯಲ್ಲೊಂದು ವಿದ್ಯೆ ಬೇಕೇಬೇಕು. ರಂಗಭೂಮಿ ಇಷ್ಟವಿದ್ದರೆ ಹೆಗ್ಗೋಡಿನ ನೀನಾಸಂನಲ್ಲಿ ವಸತಿ ಸಹಿತ ರಂಗಶಿಕ್ಷಣದ ಕೋರ್ಸ್ ಇದೆ. 1989ರಲ್ಲಿ ಬಿ.ವಿ. ಕಾರಂತರ ಸಾರಥ್ಯದಲ್ಲಿ ಶುರುವಾದ ಮೈಸೂರಿನ ರಂಗಾಯಣದ 'ಚಿಣ್ಣರ ಮೇಳ'ವನ್ನು ಒಮ್ಮೆ ನೋಡಿ ಬನ್ನಿ. ಮಕ್ಕಳ ಶಿಬಿರ ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯಬಹುದು ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಚಾರಣ, ಬಂಡೆ ಹತ್ತೋದು ನಿಮ್ಮ ದಾರಿಯಾದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಮೊದಲು ಬೇಸಿಕ್, ಆಮೇಲೆ ಅಡ್ವಾನ್ಸ್, ಕೊನೆಗೆ ಬೋಧಕರ ಕೋರ್ಸ್ ಮಾಡಬಹುದು. ಯಾವ ದಾರಿ ಹಿಡಿದರೂ ಪ್ರಥಮ ಚಿಕಿತ್ಸೆಯ ತರಬೇತಿ ತಪ್ಪಿಸಬೇಡಿ. ಜೇನು ಕಚ್ಚಿದಾಗ, ಮಗು ತಲೆ ಸುತ್ತಿ ಬಿದ್ದಾಗ ಗೂಗಲ್ ಮಾಡ್ತಾ ನಿಲ್ಲೋಕಾಗಲ್ಲ.

ನಗುವಿನ ಹಿಂದಿನ ಜವಾಬ್ದಾರಿ

ಪೋಷಕರು ನಮ್ಮ ಕೈಗೆ ಕೊಡೋದು ಮಗುವನ್ನು. ಯಾರು ಕರೆದುಕೊಂಡು ಹೋಗಬೇಕು, ಯಾವ ಊಟ ಆಗಲ್ಲ, ಯಾವ ಔಷಧಿ ನಡೀತಿದೆ, ಎಲ್ಲವೂ ಬರೆದಿರಲೇಬೇಕು. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. 2012ರ ಪೋಕ್ಸೊ ಕಾಯ್ದೆ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಮೇಲೂ ದೂರು ಕೊಡದೆ ಸುಮ್ಮನಿರೋದು ಅಪರಾಧ. 1098 ಮಕ್ಕಳ ಸಹಾಯವಾಣಿ ಸಂಖ್ಯೆ ಇಡೀ ತಂಡಕ್ಕೆ ಬಾಯಿಪಾಠ ಇರಲಿ.

ದುಡ್ಡಿನ ಮಾತು

ಸ್ವಂತ ಶಿಬಿರದ ಲೆಕ್ಕ ಹೊರಗಿನಿಂದ ಚೆನ್ನಾಗೇ ಕಾಣುತ್ತೆ. ತಲೆಗೆ 4,000 ರೂಪಾಯಿಯಂತೆ 40 ಮಕ್ಕಳು ಅಂದ್ರೆ 1,60,000. ಆದರೆ ಹಾಲ್ ಬಾಡಿಗೆ, ಸಾಮಗ್ರಿ, ತಿಂಡಿ, ಸಹಾಯಕರ ಸಂಭಾವನೆ ಕಳೆಯಿರಿ. ಉಳಿದದ್ದು ಮಳೆಗಾಲಕ್ಕೂ ಬೇಕು. ಆದ್ದರಿಂದ ನನ್ನ ನಿಯಮಗಳು ಇವು:

- ಒಪ್ಪಂದ ಬರವಣಿಗೆಯಲ್ಲಿರಲಿ, ವಾಟ್ಸಾಪ್ ಮೆಸೇಜ್ ಆದರೂ ಸರಿ. ಅರ್ಧ ಹಣ ಮುಂಗಡ.
- ಬೇಸಿಗೆಯ ಗಳಿಕೆಯಲ್ಲಿ ನಾಲ್ಕು ತಿಂಗಳ ಖರ್ಚು ಮೊದಲು ಎತ್ತಿಡಿ.
- ನಮಗೆ ಪಿಎಫ್ ಇಲ್ಲ. ಆರೋಗ್ಯ ವಿಮೆ, 15 ವರ್ಷದ ಪಿಪಿಎಫ್ ನಾವೇ ಮಾಡಿಕೊಳ್ಳಬೇಕು.
- ಟಿಡಿಎಸ್ ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ. ಕಟ್ಟಬೇಕಾದ್ದಕ್ಕಿಂತ ಹೆಚ್ಚು ಹಿಡಿದಿದ್ದರೆ ವಾಪಸ್ ಬರುತ್ತೆ.

ಇದನ್ನು ಓದಿ ನಾಳೆಯೇ ರಾಜೀನಾಮೆ ಕೊಡಬೇಡಿ. ಇರೋ ರಜೆ ಹಾಕಿ ಎರಡು ಬೇಸಿಗೆ ಯಾವುದಾದರೂ ಶಿಬಿರದಲ್ಲಿ ಸಹಾಯಕರಾಗಿ ದುಡಿಯಿರಿ. ಹತ್ತನೇ ದಿನ ಗಂಟಲು ಕಟ್ಟಿ, ಕಾಲು ಬಾತುಕೊಂಡಿದ್ದಾಗಲೂ ಬೆಳಗ್ಗೆ ಏಳೋಕೆ ಮನಸ್ಸಾದರೆ ಮುಂದಿನ ಯೋಚನೆ ಮಾಡಿ.

ಹೋದ ವರ್ಷ ಐದು ದಿನ ತುಟಿ ಬಿಚ್ಚದ ಹುಡುಗನೊಬ್ಬ ಬರೀ ಪರದೆ ಎಳೆಯೋ ಕೆಲಸ ಕೇಳಿ ಪಡೆದ. ಕೊನೇ ದಿನ ಮಳೆಗೆ ಕರೆಂಟ್ ಹೋಯ್ತು. ಕತ್ತಲಲ್ಲಿ ಪುಟಾಣಿಗಳು ಅಳೋಕೆ ಶುರು ಮಾಡಿದಾಗ, ಅವನೇ ಪರದೆ ಹಿಂದಿನಿಂದ ಜೋರಾಗಿ, "ಯಾರೂ ಹೆದರ್ಬೇಡಿ, ನಾನಿದ್ದೀನಿ" ಅಂದ. ನನ್ನ ಹನ್ನೊಂದನೇ ಬೇಸಿಗೆ ಅಲ್ಲೇ ನಿಶ್ಚಯವಾಯ್ತು.

ಅಮ್ಮನಿಗೂ ಆ ಕತೆ ಹೇಳಿದೆ. ಕೇಳಿಸಿಕೊಂಡು, "ಅದೆಲ್ಲ ಸರಿ, ಈ ಸಲ ವಿಮೆ ಕಟ್ಟಿದ್ಯೇನೋ?" ಅಂದ್ರು. ರಸೀದಿ ತೋರಿಸಿದೆ. "ಪರವಾಗಿಲ್ಲ ಕಣೋ" ಅಂದು ಕಾಫಿ ತರೋಕೆ ಒಳಗೆ ಹೋದ್ರು.