ಅರವತ್ತು ಕಾರ್ಡುಗಳ ದಂಡು

ಟ್ರೇಡಿಂಗ್ ಕಾರ್ಡ್ ಆಟಗಳಲ್ಲಿ ಎದುರಾಳಿಯನ್ನು ಮಣಿಸಲು ಎರಡು ಹಳೆಯ ದಾರಿಗಳಿವೆ. ಒಂದು, ಯಾರೂ ಸುಲಭವಾಗಿ ತಡೆಯಲಾಗದ ದೈತ್ಯ ಜೀವಿಯೊಂದನ್ನು ಕಣಕ್ಕಿಳಿಸುವುದು. ಇನ್ನೊಂದು, ಬಿಡಿಯಾಗಿ ನೋಡಿದರೆ ಲೆಕ್ಕಕ್ಕೇ ಬಾರದ ಸಣ್ಣ ಜೀವಿಗಳನ್ನು ಬೇಗಬೇಗನೆ ಇಳಿಸಿ, ಜೇನುಹುಳುಗಳ ಹಾಗೆ ಒಟ್ಟಿಗೆ ಮುತ್ತುವುದು. ಎರಡನೆಯ ದಾರಿಗೆಂದೇ ಜೋಡಿಸಿದ ಕಟ್ಟಿಗೆ ಆಟಗಾರರು ‘ಸ್ವಾರ್ಮ್ ಡೆಕ್’ ಎನ್ನುತ್ತಾರೆ. ಇದರಲ್ಲಿ ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳನ್ನಷ್ಟೇ ನೋಡಿ ಅದರ ಯೋಗ್ಯತೆ ಹೇಳಲಾಗದು. ಪಕ್ಕದ ಕಾರ್ಡುಗಳ ಜೊತೆ ಸೇರಿದಾಗ ಅದು ಏನಾಗುತ್ತದೆ ಎಂಬುದೇ ಅದರ ಯೋಗ್ಯತೆ. ಡೆಕ್ ಕಟ್ಟುವ ಕೆಲಸವೂ ತಿದ್ದುವ ಕೆಲಸವೂ ಈ ಒಂದು ಮಾತಿನ ಸುತ್ತ ನಡೆಯುತ್ತವೆ.

ಆಟದ ನೆಲೆಗಟ್ಟು

ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟದ್ದು ‘ಮ್ಯಾಜಿಕ್: ದ ಗ್ಯಾದರಿಂಗ್’. ಇದನ್ನು ರೂಪಿಸಿದ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಗಣಿತಜ್ಞ. ಎಣಿಕೆ ಮತ್ತು ಜೋಡಣೆಗಳ ಗಣಿತವಾದ ಕಾಂಬಿನೇಟರಿಕ್ಸ್‌ನಲ್ಲಿ ಪಿಎಚ್‌.ಡಿ. ಪಡೆದವರು. ವಿಜಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಆಟವನ್ನು ಮಾರುಕಟ್ಟೆಗೆ ತಂದಿತು. ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಆಡುತ್ತಾರೆ; ಇಲ್ಲಿ ಪ್ರತಿಯೊಬ್ಬ ಆಟಗಾರನೂ ಸಾವಿರಾರು ಕಾರ್ಡುಗಳಿಂದ ತನಗೆ ಬೇಕಾದವನ್ನು ಆಯ್ದು ತನ್ನದೇ ಡೆಕ್ ಕಟ್ಟಿಕೊಂಡು ಬರುತ್ತಾನೆ. ಆಟದ ಅರ್ಧ ಪಾಲು ಮೇಜಿಗೆ ಬರುವ ಮೊದಲೇ ಮುಗಿದಿರುತ್ತದೆ.

ನಿಯಮಗಳ ಪೈಕಿ ಕೆಲವನ್ನು ತಿಳಿದರೆ ಸಾಕು. ಡೆಕ್ಕಿನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು. ಬೇಸಿಕ್ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವುದೇ ಕಾರ್ಡಿನ 4 ಪ್ರತಿಗಿಂತ ಹೆಚ್ಚು ಇಡುವಂತಿಲ್ಲ. ಇಬ್ಬರೂ 20 ಜೀವಾಂಕಗಳಿಂದ, ಕೈಯಲ್ಲಿ 7 ಕಾರ್ಡು ಹಿಡಿದು ಆರಂಭಿಸುತ್ತಾರೆ. ಒಂದು ಸರದಿಗೆ ಒಂದು ಲ್ಯಾಂಡ್ ಇಡಬಹುದು. ಲ್ಯಾಂಡ್‌ನಿಂದ ಮನಾ ಸಿಗುತ್ತದೆ, ಮನಾ ಕೊಟ್ಟರೆ ಜೀವಿಗಳೂ ಮಂತ್ರಗಳೂ ಹೊರಬರುತ್ತವೆ. ಜೀವಿಯ ಮೂಲೆಯಲ್ಲಿ ಎರಡು ಅಂಕಿಗಳಿರುತ್ತವೆ: 2/1 ಎಂದಿದ್ದರೆ ಅದು 2 ಪೆಟ್ಟು ಕೊಡುತ್ತದೆ, 1 ಪೆಟ್ಟಿಗೆ ಸಾಯುತ್ತದೆ. ಹೊಸದಾಗಿ ಬಂದ ಜೀವಿ ಸಾಮಾನ್ಯವಾಗಿ ಮುಂದಿನ ಸರದಿಯವರೆಗೆ ದಾಳಿ ಮಾಡುವಂತಿಲ್ಲ.

ಕುಲದ ಆಯ್ಕೆ

ಪ್ರತಿ ಜೀವಿಯ ಕಾರ್ಡಿನ ಮೇಲೂ ಅದರ ಕುಲ ಬರೆದಿರುತ್ತದೆ: ಎಲ್ಫ್, ಗಾಬ್ಲಿನ್, ಸೋಲ್ಜರ್, ಜಾಂಬಿ, ಹೀಗೆ. ಒಂದೇ ಕುಲದ ಮೇಲೆ ಕಟ್ಟಿದ ಸ್ವಾರ್ಮ್ ಡೆಕ್ಕಿಗೆ ಬಲ ಹೆಚ್ಚು, ಏಕೆಂದರೆ ತಮ್ಮ ಕುಲದವರಿಗಷ್ಟೇ ನೆರವಾಗುವ ಕಾರ್ಡುಗಳು ಈ ಆಟದಲ್ಲಿ ಹೇರಳವಾಗಿವೆ. ಎಲ್ಫ್‌ಗಳು ಮನಾ ಹೆಚ್ಚಿಸಿಕೊಳ್ಳುವುದರಲ್ಲಿ ನಿಪುಣರು. 2008ರ ಬರ್ಲಿನ್ ಪ್ರೊ ಟೂರ್ ಪಂದ್ಯಾವಳಿಯನ್ನು ಲೂಯಿಸ್ ಸ್ಕಾಟ್-ವರ್ಗಸ್ ಗೆದ್ದದ್ದು ಎಲ್ಫ್ ಡೆಕ್ಕಿನಿಂದಲೇ. ಕೆಂಪು ಬಣ್ಣದ ಗಾಬ್ಲಿನ್‌ಗಳ ಗುಣ ಬೇರೆ. ಅವು ಅಗ್ಗ, ಅವಸರದವು, ಸಾಯಲು ಹೆದರದವು. ಹಳೆಯ ಕಾರ್ಡುಗಳಿಗೂ ಅವಕಾಶವಿರುವ ಲೆಗಸಿ ಮಾದರಿಯ ಗಾಬ್ಲಿನ್ ಡೆಕ್ ಸ್ವಾರ್ಮ್ ತಂತ್ರದ ಒಳ್ಳೆಯ ಪಾಠ.

ನಾಲ್ಕು ಬಗೆಯ ಆಳುಗಳು

ಗಾಬ್ಲಿನ್ ದಂಡಿನಲ್ಲಿ ನಾಲ್ಕು ಬಗೆಯ ಆಳುಗಳು ಬೇಕು. ಮೊದಲನೆಯವರು ಬಾಗಿಲು ತೆರೆಯುವವರು. 1 ಮನಾದ ‘ಗಾಬ್ಲಿನ್ ಲ್ಯಾಕಿ’ 1/1ರ ಬಡಪಾಯಿ. ಆದರೆ ಅದರ ಪೆಟ್ಟು ಎದುರಾಳಿಗೆ ತಗುಲಿದರೆ ಕೈಯಲ್ಲಿರುವ ಇನ್ನೊಂದು ಗಾಬ್ಲಿನ್ ಪುಕ್ಕಟೆಯಾಗಿ ಕಣಕ್ಕಿಳಿಯುತ್ತದೆ. ‘ಸ್ಕರ್ಕ್ ಪ್ರಾಸ್ಪೆಕ್ಟರ್’ ಗಾಬ್ಲಿನ್ ಒಂದನ್ನು ಬಲಿಕೊಟ್ಟು 1 ಕೆಂಪು ಮನಾ ತರುತ್ತದೆ.

ಎರಡನೆಯವರು ಸಂಖ್ಯೆ ಹೆಚ್ಚಿಸುವವರು. 2 ಮನಾದ ‘ಮಾಗ್ ವಾರ್ ಮಾರ್ಷಲ್’ ಬರುವಾಗ ಒಂದು 1/1 ಗಾಬ್ಲಿನ್ ಟೋಕನ್, ಅಂದರೆ ಡೆಕ್ಕಿನ ಕಾರ್ಡಲ್ಲದ ಹೆಚ್ಚುವರಿ ಜೀವಿಯೊಂದನ್ನು, ತರುತ್ತದೆ. ಮುಂದಿನ ಸರದಿಯಲ್ಲಿ ಮತ್ತೆ ಬೆಲೆ ತೆರದಿದ್ದರೆ ಸಾಯುತ್ತದೆ, ಸಾಯುವಾಗಲೂ ಒಂದು ಟೋಕನ್ ಬಿಟ್ಟು ಹೋಗುತ್ತದೆ. 5 ಮನಾದ ‘ಸೀಜ್-ಗ್ಯಾಂಗ್ ಕಮಾಂಡರ್’ ಮೂರು ಟೋಕನ್‌ಗಳ ಜೊತೆ ಬರುತ್ತದೆ. ‘ಕ್ರೆಂಕೊ, ಮಾಬ್ ಬಾಸ್’ ಪ್ರತಿ ಸರದಿಯಲ್ಲೂ ಕಣದಲ್ಲಿ ಎಷ್ಟು ಗಾಬ್ಲಿನ್‌ಗಳಿವೆಯೋ ಅಷ್ಟೇ ಹೊಸ ಗಾಬ್ಲಿನ್‌ಗಳನ್ನು ಹುಟ್ಟಿಸಬಲ್ಲದು. ಅದೊಂದೇ ಇದ್ದರೂ 1 ಇದ್ದದ್ದು 2, 4, 8, 16 ಆಗುತ್ತ ಹೋಗುತ್ತದೆ. ಚದುರಂಗದ ಮನೆಗಳಲ್ಲಿ ಕಾಳಿಟ್ಟ ಕಥೆಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ.

ಮೂರನೆಯವರು ನಾಯಕರು. 3 ಮನಾದ ‘ಗಾಬ್ಲಿನ್ ವಾರ್‌ಚೀಫ್’ ಕಣದಲ್ಲಿದ್ದರೆ ಗಾಬ್ಲಿನ್‌ಗಳ ಬೆಲೆ 1 ಮನಾ ಇಳಿಯುತ್ತದೆ, ಬಂದ ಸರದಿಯಲ್ಲೇ ಅವು ದಾಳಿಗೆ ಹೊರಡುತ್ತವೆ. ‘ಗಾಬ್ಲಿನ್ ಪೈಲ್‌ಡ್ರೈವರ್’ 1/2ರ ಜೀವಿ. ದಾಳಿಗಿಳಿದಾಗ ಜೊತೆಯಲ್ಲಿ ನುಗ್ಗುವ ಪ್ರತಿ ಗಾಬ್ಲಿನ್‌ಗೂ ಅದರ ಪೆಟ್ಟು 2ರಂತೆ ಏರುತ್ತದೆ. ಒಂಟಿಯಾಗಿದ್ದರೆ ಅದು ಏನೂ ಅಲ್ಲ. ನಾಲ್ವರು ಜೊತೆಗಿದ್ದರೆ ಅದರ ಪೆಟ್ಟು 9.

ನಾಲ್ಕನೆಯವರು ಕೈ ತುಂಬಿಸುವವರು. ಅಗ್ಗದ ಕಾರ್ಡುಗಳನ್ನು ಸುರಿಯುವ ಡೆಕ್ಕಿಗೆ ಕೈ ಬರಿದಾಗುವುದೇ ದೊಡ್ಡ ಕಾಯಿಲೆ. ‘ಗಾಬ್ಲಿನ್ ಮೇಟ್ರನ್’ ಡೆಕ್ಕಿನಲ್ಲಿ ಹುಡುಕಿ ಬೇಕಾದ ಗಾಬ್ಲಿನ್ ಒಂದನ್ನು ಕೈಗೆ ತಂದುಕೊಡುತ್ತದೆ. ‘ಗಾಬ್ಲಿನ್ ರಿಂಗ್‌ಲೀಡರ್’ ಡೆಕ್ಕಿನ ಮೇಲಿನ 4 ಕಾರ್ಡು ತಿರುವಿ ನೋಡಿ, ಅವುಗಳಲ್ಲಿರುವ ಗಾಬ್ಲಿನ್‌ಗಳನ್ನೆಲ್ಲ ಕೈಗೆ ಕೊಡುತ್ತದೆ.

ನಾಲ್ಕು ಸರದಿಗಳ ಒಂದು ಆಟ

ಇವು ಒಂದಕ್ಕೊಂದು ಹೇಗೆ ಬೆಸೆಯುತ್ತವೆ ಎಂಬುದು ಒಂದು ಆಟವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಪ್ರತಿ ಸರದಿಯಲ್ಲೂ ಒಂದು ಲ್ಯಾಂಡ್ ಸಿಕ್ಕಿದೆ, ಎದುರಾಳಿ ತಡೆಯೊಡ್ಡಿಲ್ಲ ಎಂದುಕೊಳ್ಳೋಣ. ಮೊದಲ ಸರದಿಯಲ್ಲಿ ಪ್ರಾಸ್ಪೆಕ್ಟರ್ ಬರುತ್ತದೆ. ಎರಡನೆಯದರಲ್ಲಿ ಅದು 1 ಪೆಟ್ಟು ಕೊಡುತ್ತದೆ, ಎದುರಾಳಿಯ ಜೀವಾಂಕ 19ಕ್ಕೆ ಇಳಿಯುತ್ತದೆ. ಪೈಲ್‌ಡ್ರೈವರ್ ಕಣಕ್ಕೆ ಬರುತ್ತದೆ. ಮೂರನೆಯದರಲ್ಲಿ ವಾರ್‌ಚೀಫ್ ಬಂದು ಕೂಡಲೇ ದಾಳಿಗೆ ಸೇರುತ್ತದೆ: ಪ್ರಾಸ್ಪೆಕ್ಟರ್ 1, ವಾರ್‌ಚೀಫ್ 2, ಜೊತೆಗಿಬ್ಬರಿರುವ ಪೈಲ್‌ಡ್ರೈವರ್ 5, ಒಟ್ಟು 8. ಉಳಿದದ್ದು 11.

ನಾಲ್ಕನೆಯ ಸರದಿಯಲ್ಲಿ ಕೈಯಲ್ಲಿರುವುದು 4 ಮನಾ. ಸೀಜ್-ಗ್ಯಾಂಗ್ ಕಮಾಂಡರ್‌ನ ಬೆಲೆ 5, ಆದರೆ ವಾರ್‌ಚೀಫ್ ದೆಸೆಯಿಂದ 4ಕ್ಕೇ ಸಿಗುತ್ತದೆ. ಅದೂ ಅದರ ಮೂರು ಟೋಕನ್‌ಗಳೂ ಬಂದ ಕೂಡಲೇ ನುಗ್ಗುತ್ತವೆ. ಈಗ ಪೈಲ್‌ಡ್ರೈವರ್ ಜೊತೆ ಆರು ಗಾಬ್ಲಿನ್‌ಗಳು, ಅದರ ಪೆಟ್ಟೇ 13. ಉಳಿದವರದು 8. ಒಟ್ಟು 21. ಎದುರಾಳಿಯ ಬಳಿ ಇದ್ದದ್ದು 11 ಮಾತ್ರ. ಈ ದಂಡಿನಲ್ಲಿ ಯಾವ ಗಾಬ್ಲಿನ್‌ನ ಮೇಲೂ 2ಕ್ಕಿಂತ ದೊಡ್ಡ ಅಂಕಿ ಅಚ್ಚಾಗಿಲ್ಲ.

ಬೆಲೆಯ ಮೆಟ್ಟಿಲು

ಇಷ್ಟು ಚುರುಕಾಗಿ ಆಡಬೇಕಾದರೆ ಪ್ರತಿ ಸರದಿಯ ಮನಾಕ್ಕೂ ಸರಿಹೊಂದುವ ಕಾರ್ಡು ಕೈಯಲ್ಲಿರಬೇಕು. ಈ ಲೆಕ್ಕಕ್ಕೆ ‘ಮನಾ ಕರ್ವ್’ ಎಂದು ಹೆಸರು. 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯವೊಂದರಲ್ಲಿ ಪಾಲ್ ಸ್ಲೈ ಎಂಬವರು ಆಡಿದ, ಜೇ ಶ್ನೈಡರ್ ರೂಪಿಸಿದ ಕೆಂಪು ಡೆಕ್ ಈ ಚಿಂತನೆಗೆ ಹೆಸರುವಾಸಿ. ಬಿಡಿಯಾಗಿ ಸಪ್ಪೆ ಎನಿಸುವ ಜೀವಿಗಳೇ ಅದರಲ್ಲಿ ತುಂಬಿದ್ದವು. ಆದರೆ ಒಂದು ಮನಾವೂ ಪೋಲಾಗದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರು. ಇಂದಿಗೂ ಅಂಥ ಡೆಕ್ಕುಗಳನ್ನು ‘ಸ್ಲೈ’ ಎಂದೇ ಕರೆಯುತ್ತಾರೆ.

ನಮ್ಮ ಗಾಬ್ಲಿನ್ ಡೆಕ್ಕಿನ ಒಂದು ಕರಡು ಹೀಗಿರಬಹುದು. 1 ಮನಾದವು 8: ಲ್ಯಾಕಿ, ಪ್ರಾಸ್ಪೆಕ್ಟರ್ ತಲಾ 4. 2 ಮನಾದವು 8: ಪೈಲ್‌ಡ್ರೈವರ್, ವಾರ್ ಮಾರ್ಷಲ್ ತಲಾ 4. 3 ಮನಾದವು 13: ವಾರ್‌ಚೀಫ್, ಮೇಟ್ರನ್ ಮತ್ತು ‘ಜೆಮ್‌ಪಾಮ್ ಇನ್ಸಿನರೇಟರ್’ ತಲಾ 4, ‘ಗಾಬ್ಲಿನ್ ಶಾರ್ಪ್‌ಶೂಟರ್’ 1. 4 ಮನಾದವು 5: ರಿಂಗ್‌ಲೀಡರ್ 4, ಕ್ರೆಂಕೊ 1. 5 ಮನಾದ ಸೀಜ್-ಗ್ಯಾಂಗ್ 3. ಒಟ್ಟು 37 ಗಾಬ್ಲಿನ್‌ಗಳು, 23 ‘ಮೌಂಟನ್’ ಲ್ಯಾಂಡ್‌ಗಳು.

ಸಂಭವನೀಯತೆಯ ಲೆಕ್ಕ

ಪ್ರತಿಗಳ ಸಂಖ್ಯೆಯನ್ನು ಊಹೆಗೆ ಬಿಡಬೇಕಿಲ್ಲ. 60 ಕಾರ್ಡುಗಳಲ್ಲಿ 4 ಪ್ರತಿಗಳಿರುವ ಕಾರ್ಡೊಂದು ಮೊದಲ 7ರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 40. 1 ಮನಾದ ಗಾಬ್ಲಿನ್‌ಗಳು 8 ಇದ್ದರೆ ಮೊದಲ ಕೈಯಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ 65. 12 ಇದ್ದರೆ ಶೇ 81. ಹಾಗೆಂದು 12 ಇಡುವುದೇ ಸರಿ ಎನ್ನುವಂತಿಲ್ಲ. ಎಂಟನೆಯ ಸರದಿಯಲ್ಲಿ ಕೈಗೆ ಬರುವ ಲ್ಯಾಕಿ, ಎದುರಾಳಿಯ ಜೀವಿಗಳು ಕಾದು ನಿಂತಿರುವಾಗ, ಹೆಚ್ಚು ಕಡಿಮೆ ನಿರುಪಯೋಗಿ.

ಲ್ಯಾಂಡ್‌ಗಳದೂ ಇಂಥದೇ ತೂಗಾಟ. 20 ಲ್ಯಾಂಡ್ ಇಟ್ಟರೆ ಮೊದಲ ಕೈಯಲ್ಲಿ ಒಂದೂ ಇಲ್ಲದೆ ಅಥವಾ ಒಂದೇ ಬಂದು ಪೇಚಾಡುವ ಸಾಧ್ಯತೆ ಸುಮಾರು ಶೇ 25. 23 ಇಟ್ಟರೆ ಅದು ಶೇ 17ರ ಆಸುಪಾಸಿಗೆ ಇಳಿಯುತ್ತದೆ. ಆದರೆ 5 ಅಥವಾ ಅದಕ್ಕೂ ಹೆಚ್ಚು ಲ್ಯಾಂಡ್ ಬಂದು ಕೈ ಕೆಡುವ ಸಾಧ್ಯತೆ ಶೇ 4ರಿಂದ ಶೇ 7ರ ಹತ್ತಿರಕ್ಕೆ ಏರುತ್ತದೆ. ರಿಂಗ್‌ಲೀಡರ್, ಸೀಜ್-ಗ್ಯಾಂಗ್‌ನಂಥ ದುಬಾರಿ ಕಾರ್ಡುಗಳಿರುವ ಡೆಕ್ಕಿಗೆ ಲ್ಯಾಂಡಿನ ಬರಕ್ಕಿಂತ ಲ್ಯಾಂಡಿನ ಹೆಚ್ಚಳವೇ ವಾಸಿ.

60 ಕನಿಷ್ಠ ಮಿತಿಯಾದರೂ ಅನುಭವಿಗಳು ಅದನ್ನು ದಾಟದಿರಲು ಕಾರಣವೂ ಇದೇ. ಅರವತ್ತೊಂದನೆಯ ಕಾರ್ಡು ಎಷ್ಟೇ ಚೆನ್ನಾಗಿರಲಿ, ಲ್ಯಾಕಿಯೂ ವಾರ್‌ಚೀಫ್‌ನೂ ಕೈಗೆ ಸಿಗುವ ಸಾಧ್ಯತೆಯನ್ನು ಅಷ್ಟಿಷ್ಟು ಕಡಿಮೆ ಮಾಡುತ್ತದೆ.

ತೆಗೆಯುವುದರಲ್ಲಿದೆ ತಿದ್ದುವ ಕೆಲಸ

ಕರಡು ಸಿದ್ಧವಾದ ಮೇಲೆ ತಿದ್ದುವ ಕೆಲಸ. ಮೊದಲ ಹಂತದಲ್ಲಿ ಎದುರಾಳಿಯೇ ಬೇಡ. ಡೆಕ್ ಕಲೆಸಿ 7 ಕಾರ್ಡು ಎತ್ತಿ, ನಾಲ್ಕೈದು ಸರದಿ ಒಬ್ಬರೇ ಆಡಿ ನೋಡುವುದಕ್ಕೆ ‘ಗೋಲ್ಡ್‌ಫಿಶಿಂಗ್’ ಎನ್ನುತ್ತಾರೆ. ಹೀಗೆ ಇಪ್ಪತ್ತು ಮೂವತ್ತು ಸಲ ಮಾಡಿ ಎಷ್ಟನೆಯ ಸರದಿಯಲ್ಲಿ 20 ಪೆಟ್ಟು ಪೂರ್ತಿಯಾಯಿತು, ಯಾವ ಕಾರ್ಡು ಕೈಯಲ್ಲೇ ಕೊಳೆಯಿತು ಎಂದು ಬರೆದಿಟ್ಟರೆ ಡೆಕ್ಕಿನ ಓರೆಕೋರೆಗಳು ಕಾಣುತ್ತವೆ. ಆಮೇಲೆ ನಿಜವಾದ ಎದುರಾಳಿಗಳು. ಒಂದು ಸಲಕ್ಕೆ ಒಂದೆರಡು ಕಾರ್ಡುಗಳನ್ನಷ್ಟೇ ಬದಲಿಸಬೇಕು. ಹತ್ತು ಬದಲಿಸಿದರೆ ಗೆಲುವು ಯಾವುದರಿಂದ ಬಂತು, ಸೋಲು ಯಾವುದರಿಂದ ಬಂತು ಎಂದು ತಿಳಿಯುವುದೇ ಇಲ್ಲ.

ಹೊಸಬರನ್ನು ಮೊದಲು ಸೆಳೆಯುವುದು ಒಳ್ಳೆಯ ಮಂತ್ರಗಳ ಮೋಹ. ‘ಲೈಟ್ನಿಂಗ್ ಬೋಲ್ಟ್’ 1 ಮನಾಕ್ಕೆ 3 ಪೆಟ್ಟು ಕೊಡುತ್ತದೆ; ಕೆಂಪು ಡೆಕ್ಕಿನಲ್ಲಿ ಅದು ಇಲ್ಲದಿರುವುದು ತಪ್ಪೆನಿಸುತ್ತದೆ. ಆದರೆ 37 ಗಾಬ್ಲಿನ್‌ಗಳಿದ್ದಾಗ ರಿಂಗ್‌ಲೀಡರ್ ಸರಾಸರಿ 2.4 ಕಾರ್ಡು ತರುತ್ತದೆ. ಅವುಗಳಲ್ಲಿ 8 ತೆಗೆದು ಮಂತ್ರಗಳನ್ನು ಸೇರಿಸಿದರೆ 1.9ಕ್ಕೆ ಬೀಳುತ್ತದೆ. ಲ್ಯಾಕಿ ಬೋಲ್ಟನ್ನು ಪುಕ್ಕಟೆಯಾಗಿ ಇಳಿಸಲಾರದು, ವಾರ್‌ಚೀಫ್ ಅದರ ಬೆಲೆ ಇಳಿಸಲಾರದು, ಮೇಟ್ರನ್ ಅದನ್ನು ಹುಡುಕಲಾರದು. ಜೆಮ್‌ಪಾಮ್ ಇನ್ಸಿನರೇಟರ್ ಬೋಲ್ಟಿನ ಕೆಲಸವನ್ನು ಬೇರೆ ರೀತಿ ಮಾಡುತ್ತದೆ: 2 ಮನಾ ಕೊಟ್ಟು ಅದನ್ನು ಎಸೆದರೆ, ಕಣದಲ್ಲಿರುವ ಗಾಬ್ಲಿನ್‌ಗಳ ಸಂಖ್ಯೆಯಷ್ಟು ಪೆಟ್ಟು ಒಂದು ಜೀವಿಗೆ ಬೀಳುತ್ತದೆ, ಹೊಸ ಕಾರ್ಡೂ ಕೈಗೆ ಬರುತ್ತದೆ. ಮೇಲಾಗಿ ಅದೂ ಒಂದು ಗಾಬ್ಲಿನ್.

ಎಲ್ಲ ಕಾರ್ಡಿಗೂ 4 ಪ್ರತಿ ಬೇಕಾಗಿಲ್ಲ. ಕ್ರೆಂಕೊ ‘ಲೆಜೆಂಡರಿ’ ಜೀವಿ. ಒಬ್ಬರ ಕಡೆ ಏಕಕಾಲಕ್ಕೆ ಒಂದೇ ಉಳಿಯಬಲ್ಲದು, ಎರಡನೆಯದು ಕೈಯಲ್ಲಿ ಭಾರ. ಇಂಥವಕ್ಕೆ ಒಂದೇ ಪ್ರತಿ ಸಾಕು, ಏಕೆಂದರೆ ಬೇಕಾದಾಗ 4 ಮೇಟ್ರನ್‌ಗಳಲ್ಲಿ ಯಾವುದಾದರೂ ಹುಡುಕಿ ತರುತ್ತದೆ. ಶಾರ್ಪ್‌ಶೂಟರ್ ಒಂದೇ ಇರುವುದೂ ಇದೇ ಲೆಕ್ಕದಿಂದ.

ಎಲ್ಲವನ್ನೂ ಗುಡಿಸಿಹಾಕುವ ಕಾರ್ಡುಗಳು

ಸ್ವಾರ್ಮ್ ಡೆಕ್ಕಿನ ಕಡುವೈರಿ, ಒಂದೇ ಏಟಿಗೆ ಕಣವನ್ನು ಬರಿದು ಮಾಡುವ ಕಾರ್ಡುಗಳು. 4 ಮನಾದ ‘ರಾತ್ ಆಫ್ ಗಾಡ್’ ಎಲ್ಲ ಜೀವಿಗಳನ್ನೂ ನಾಶ ಮಾಡುತ್ತದೆ. 2 ಮನಾದ ‘ಪೈರೊಕ್ಲಾಸಂ’ ಪ್ರತಿ ಜೀವಿಗೂ 2 ಪೆಟ್ಟು ಕೊಡುತ್ತದೆ. ನಮ್ಮ ಮೊದಲ ಮೂರು ಸರದಿಯ ದಂಡಿಗೆ ಅಷ್ಟೇ ಸಾಕು. ‘ಎಂಜಿನಿಯರ್ಡ್ ಪ್ಲೇಗ್’ ಇನ್ನೂ ಕಠೋರ: ಎದುರಾಳಿ ‘ಗಾಬ್ಲಿನ್’ ಎಂದು ಹೆಸರಿಸಿದರೆ ಸಾಕು, ಕಣದಲ್ಲಿರುವ ಮತ್ತು ಮುಂದೆ ಬರುವ ಗಾಬ್ಲಿನ್‌ಗಳಿಗೆಲ್ಲ 1/1 ಕಡಿತವಾಗಿ ಟೋಕನ್‌ಗಳು ಹುಟ್ಟುತ್ತಲೇ ಸಾಯುತ್ತವೆ.

ಮೇಲಿನ ಆಟದಲ್ಲೇ, ಎದುರಾಳಿ ಮೊದಲು ಆಡಿದ್ದು ತನ್ನ ನಾಲ್ಕನೆಯ ಸರದಿಯಲ್ಲಿ ರಾತ್ ಆಫ್ ಗಾಡ್ ಹಾಕಿದರೆ ಮೂರೂ ಗಾಬ್ಲಿನ್‌ಗಳು ಹೋಗುತ್ತವೆ. ಆಗ ಕೈಯಲ್ಲಿ ಏನು ಉಳಿದಿದೆ ಎಂಬುದರ ಮೇಲೆ ಆಟ ನಿಲ್ಲುತ್ತದೆ. ರಿಂಗ್‌ಲೀಡರ್ ಇದ್ದರೆ ಮುಂದಿನ ಸರದಿಯಲ್ಲೇ ಅದು ಬಂದು 2 ಪೆಟ್ಟು ಕೊಟ್ಟು ಕೈಯನ್ನೂ ತುಂಬಿಸುತ್ತದೆ. ಸೀಜ್-ಗ್ಯಾಂಗ್ ಇದ್ದರೆ ಐದನೆಯ ಲ್ಯಾಂಡಿನೊಂದಿಗೆ ಮತ್ತೆ ನಾಲ್ಕು ಜೀವಿಗಳು ಕಣದಲ್ಲಿ ನಿಲ್ಲುತ್ತವೆ. ಗೆಲ್ಲಲು ಬೇಕಾದಷ್ಟನ್ನು ಇಳಿಸಿ ಉಳಿದದ್ದನ್ನು ಕೈಯಲ್ಲಿಟ್ಟುಕೊಳ್ಳುವ ಸಂಯಮವನ್ನು ಈ ಡೆಕ್ ಆಡುವವರು ಕಲಿಯಲೇಬೇಕು.

ಮೂರು ಆಟಗಳಲ್ಲಿ ಎರಡನ್ನು ಗೆಲ್ಲಬೇಕಾದ ಪಂದ್ಯಗಳಲ್ಲಿ ಇನ್ನೊಂದು ನೆರವಿದೆ. ಡೆಕ್ಕಿನ ಹೊರಗೆ 15 ಕಾರ್ಡುಗಳ ‘ಸೈಡ್‌ಬೋರ್ಡ್’ ಇಟ್ಟುಕೊಂಡು, ಮೊದಲ ಆಟದ ನಂತರ ಎದುರಾಳಿಯನ್ನು ನೋಡಿ ಅದಲು ಬದಲು ಮಾಡಬಹುದು. ಪ್ಲೇಗ್ ನಿರೀಕ್ಷೆ ಇದ್ದರೆ, ಉಳಿದ ಗಾಬ್ಲಿನ್‌ಗಳಿಗೆ +1/+1 ಕೊಡುವ ‘ಗಾಬ್ಲಿನ್ ಚೀಫ್‌ಟನ್’ ಒಳಗೆ ಬರುತ್ತದೆ. ಯಂತ್ರಗಳನ್ನು ನಂಬಿದ ಡೆಕ್ಕಿನ ಎದುರು, ಆರ್ಟಿಫ್ಯಾಕ್ಟ್ ಒಡೆದು 3 ಪೆಟ್ಟನ್ನೂ ಕೊಡುವ ‘ಸ್ಮ್ಯಾಶ್ ಟು ಸ್ಮಿದರೀನ್ಸ್’ ಬರುತ್ತದೆ. ಒಳಗೆ ಬರುವ ಕಾರ್ಡಿಗಿಂತ ಹೊರಗೆ ಹೋಗುವ ಕಾರ್ಡಿನ ಆಯ್ಕೆಯೇ ಕಷ್ಟ. ಎರಡು ಮೂರಕ್ಕಿಂತ ಹೆಚ್ಚು ಗಾಬ್ಲಿನ್‌ಗಳನ್ನು ಹೊರಗಿಟ್ಟರೆ ರಿಂಗ್‌ಲೀಡರ್ ಬಡವಾಗುತ್ತದೆ, ಪೈಲ್‌ಡ್ರೈವರ್ ಒಂಟಿಯಾಗುತ್ತದೆ. ಅದಕ್ಕೇ ಅನುಭವಿಗಳು ಸೈಡ್‌ಬೋರ್ಡಿಗೆ ಕಾರ್ಡು ಸೇರಿಸುವ ಮೊದಲೇ, ಯಾವ ಎದುರಾಳಿಯ ವಿರುದ್ಧ ಅದು ಯಾವ ಕಾರ್ಡಿನ ಜಾಗಕ್ಕೆ ಬರುತ್ತದೆ ಎಂದು ಗುರುತು ಹಾಕಿಟ್ಟುಕೊಳ್ಳುತ್ತಾರೆ.