ದನಗಳಲ್ಲಿ ಚಪ್ಪೆ ಬೇನೆ

ಮುಂಗಾರಿನ ಮೊದಲ ಮಳೆ ಬಿದ್ದು ಹಸಿರು ಚಿಗುರುವ ಕಾಲ. ಸಂಜೆ ಚೆನ್ನಾಗಿ ಮೇದು ಬಂದ ಹೋರಿಕರು ಬೆಳಗಾಗುವಷ್ಟರಲ್ಲಿ ಕುಂಟತೊಡಗುತ್ತದೆ, ಮರುದಿನ ಸಾಯುತ್ತದೆ. ಪೆಟ್ಟು ಬಿದ್ದಿದೆಯೆಂದೋ ಹಾವು ಕಚ್ಚಿದೆಯೆಂದೋ ತಿಳಿದು ಎಣ್ಣೆ ತಿಕ್ಕುವುದರಲ್ಲಿ, ಬರೆ ಹಾಕುವುದರಲ್ಲಿ ಚಿಕಿತ್ಸೆಯ ಹೊತ್ತು ಕಳೆದುಹೋಗುತ್ತದೆ. ಇದು ಚಪ್ಪೆ ಬೇನೆಯಾಗಿರುವ ಸಂಭವ ಹೆಚ್ಚು.

ರೋಗಕ್ಕೆ ಕಾರಣ

ಕ್ಲಾಸ್ಟ್ರಿಡಿಯಂ ಷೋವಿಯೈ ಎಂಬ ಬ್ಯಾಕ್ಟೀರಿಯಾದಿಂದ ಈ ರೋಗ ಬರುತ್ತದೆ. ಗಾಳಿಯಿಲ್ಲದ ಕಡೆ ಮಾತ್ರ ಬೆಳೆಯುವ ಈ ರೋಗಾಣು, ಗಟ್ಟಿ ಕವಚದ ಬೀಜಕಣಗಳ ರೂಪದಲ್ಲಿ ಮಣ್ಣಿನಲ್ಲಿ ಹಲವಾರು ವರ್ಷ ಉಳಿಯಬಲ್ಲದು. ಮೇವಿನೊಡನೆ ಹೊಟ್ಟೆ ಸೇರಿದ ಬೀಜಕಣಗಳು ಮಾಂಸಖಂಡಗಳಿಗೆ ಹೋಗಿ ಸುಮ್ಮನೆ ಕುಳಿತಿರುತ್ತವೆ. ಅಲ್ಲಿ ಪೆಟ್ಟು ಬಿದ್ದು ರಕ್ತಸಂಚಾರ ಕುಂದಿದಾಗ ಮೊಳೆತು, ವಿಷವನ್ನೂ ಅನಿಲವನ್ನೂ ಉಂಟುಮಾಡುತ್ತವೆ. ಕುರಿಗಳಿಗೆ ಉಣ್ಣೆ ಕತ್ತರಿಸುವಾಗ ಅಥವಾ ಬೀಜ ಒಡೆಯುವಾಗ ಆದ ಗಾಯಗಳ ಮೂಲಕವೂ ರೋಗ ತಗಲುತ್ತದೆ.

ಆರು ತಿಂಗಳಿಂದ ಎರಡು ವರ್ಷದೊಳಗಿನ, ಮೈತುಂಬಿಕೊಂಡು ಬೆಳೆಯುತ್ತಿರುವ ಕರು ಮತ್ತು ಪಡ್ಡೆಗಳೇ ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತವೆ. ಆದ್ದರಿಂದ ನಾಳೆಯ ಎತ್ತು, ನಾಳೆಯ ಹಸು ಎರಡೂ ರೈತನ ಕೈತಪ್ಪುತ್ತವೆ.

ಲಕ್ಷಣಗಳು

ದನ ಮೇವು ಬಿಟ್ಟು ಮಂಕಾಗಿ ನಿಲ್ಲುತ್ತದೆ. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್‌ಗೂ ಏರಬಹುದು. ಚಪ್ಪೆ, ತೊಡೆ ಅಥವಾ ಭುಜದ ಮೇಲೆ ಬಾವು ಕಾಣಿಸಿ ಕುಂಟುತ್ತದೆ. ಬಾವು ಮೊದಲು ಬಿಸಿಯಾಗಿದ್ದು ಮುಟ್ಟಿದರೆ ನೋಯುತ್ತದೆ. ಅನಂತರ ತಣ್ಣಗಾಗಿ, ನೋವಿಲ್ಲದಂತಾಗಿ, ಚರ್ಮ ಕಪ್ಪಾಗುತ್ತದೆ. ಬಾವನ್ನು ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದಾಗುವುದು ಈ ರೋಗದ ಮುಖ್ಯ ಗುರುತು. ಕೊನೆಯಲ್ಲಿ ಜ್ವರ ಇಳಿಯುವುದುಂಟು. ಇದನ್ನು ಗುಣವೆಂದು ತಿಳಿದು ಮೋಸಹೋಗಬಾರದು. ಸಾಮಾನ್ಯವಾಗಿ 12 ರಿಂದ 48 ಗಂಟೆಗಳಲ್ಲಿ ಸಾವು ಸಂಭವಿಸುತ್ತದೆ.

ಚಿಕಿತ್ಸೆ

ಕುಂಟು ಕಂಡೊಡನೆ ಪಶುವೈದ್ಯರನ್ನು ಕರೆಸಬೇಕು. ಆರಂಭದಲ್ಲೇ ಪೆನಿಸಿಲಿನ್ ಚುಚ್ಚುಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೆಲವು ದನಗಳು ಉಳಿಯುತ್ತವೆ. ಬಾವು ಕಪ್ಪಾದ ಮೇಲೆ ಫಲ ಕಡಿಮೆ. ಬಾವನ್ನು ಮನೆಯಲ್ಲಿ ಕೊಯ್ಯಬಾರದು. ಸುರಿಯುವ ನೀರಿನಿಂದ ಕೊಟ್ಟಿಗೆಯ ನೆಲವೇ ರೋಗದ ನೆಲೆಯಾಗುತ್ತದೆ.

ತಡೆಗಟ್ಟುವ ಕ್ರಮಗಳು

1. ಆರು ತಿಂಗಳು ತುಂಬಿದ ಎಲ್ಲ ದನಗಳಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ರಕ್ಷಣೆ ಬರಲು ಎರಡು ಮೂರು ವಾರ ಬೇಕಾಗುವುದರಿಂದ ಮಳೆಗಾಲಕ್ಕೆ ಒಂದು ತಿಂಗಳು ಮೊದಲೇ ಹಾಕಿಸುವುದು ಲೇಸು.

2. ರೋಗ ಕಂಡ ಬಯಲಿನಲ್ಲಿ ಉಳಿದ ದನಗಳನ್ನು ಮೇಯಿಸಬಾರದು.

3. ಸತ್ತ ದನದ ಚರ್ಮ ಸುಲಿಯಬಾರದು, ಹಳ್ಳಕೊಳ್ಳಗಳಿಗೆ ಎಸೆಯಬಾರದು. ನೆರಡಿ ರೋಗದಲ್ಲಿಯೂ ದನ ಹೀಗೆಯೇ ಹಠಾತ್ತನೆ ಸಾಯುತ್ತದೆ; ಅದು ಮನುಷ್ಯರಿಗೂ ಅಂಟುವುದರಿಂದ ಹೆಣವನ್ನು ಕೊಯ್ಯುವುದು ಅಪಾಯ.

4. ಹೆಣವನ್ನು ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಇಲ್ಲವೆ ಸುಡಬೇಕು. ಅದು ಬಿದ್ದಿದ್ದ ಜಾಗದ ಹುಲ್ಲನ್ನೂ ಸುಡಬೇಕು.

ಒಮ್ಮೆ ನೆಲ ಸೇರಿದ ಬೀಜಕಣಗಳನ್ನು ಹೊರಹಾಕುವುದು ಸಾಧ್ಯವಿಲ್ಲ. ಆದುದರಿಂದ ಈ ಬೇನೆ ಒಮ್ಮೆ ಬಂದ ಊರಿನಲ್ಲಿ ಪ್ರತಿ ವರ್ಷವೂ ತಪ್ಪದೆ ಲಸಿಕೆ ಹಾಕಿಸುವುದೇ ದನಗಳನ್ನು ಉಳಿಸಿಕೊಳ್ಳುವ ದಾರಿ.